ಒಂದೂವರೆ ಅಡಿಯ ಪದ

ಇಂಗ್ಲಿಷ್ ಭಾಷೆಯಲ್ಲಿ 'ಸೆಸ್ಕ್ವಿಪಿಡೇಲಿಯನ್' ಎಂಬ ಗುಣವಾಚಕವೊಂದುಂಟು. ಬಳಕೆಯಲ್ಲಿ ಅಪರೂಪವಾದ ಈ ಪದವನ್ನು ಬರೆಯಲು 14 ಅಕ್ಷರಗಳು ಬೇಕು. ಇದನ್ನು ಮೊದಲ ಬಾರಿಗೆ ಕಂಡವರು ಉಚ್ಚರಿಸಲು ಹಿಂಜರಿಯುವುದು ಸಹಜ. ಆದರೆ ಎಷ್ಟೇ ದೀರ್ಘವಾದ ಪದವಾದರೂ ಬಿಡಿಸಿ ನೋಡಿದರೆ ಸುಲಭವಾಗುತ್ತದೆ. ಬಿಡಿಸುವ ಕ್ರಮಗಳು ಎರಡು: ಒಂದು ಉಚ್ಚಾರಣೆಯನ್ನು ಅನುಸರಿಸುವುದು, ಇನ್ನೊಂದು ಅರ್ಥವನ್ನು ಅನುಸರಿಸುವುದು.

ಒಂದು ಸ್ವರವನ್ನು ಆಧರಿಸಿ, ಒಂದೇ ಪ್ರಯತ್ನದಲ್ಲಿ ಹೊರಡುವ ಧ್ವನಿಸಮೂಹಕ್ಕೆ ಉಚ್ಚಾರಾಂಶವೆಂದು ಹೆಸರು. ಈ ಪದದಲ್ಲಿ ಅಂತಹ ಆರು ಅಂಶಗಳಿವೆ: ಸೆಸ್-ಕ್ವಿ-ಪಿ-ಡೇ-ಲಿ-ಯನ್. ಇವುಗಳಲ್ಲಿ ನಾಲ್ಕನೆಯದಾದ 'ಡೇ' ಎಂಬುದರ ಮೇಲೆ ಒತ್ತು ಬೀಳುತ್ತದೆ. ಇಂಗ್ಲಿಷಿನಲ್ಲಿ ಒತ್ತು ಸ್ಥಾನ ತಪ್ಪಿದರೆ, ಧ್ವನಿಗಳೆಲ್ಲ ಸರಿಯಾಗಿದ್ದರೂ ಕೇಳುವವರಿಗೆ ಪದವು ತಿಳಿಯದೆ ಹೋಗಬಹುದು.

ಅರ್ಥವನ್ನು ಅನುಸರಿಸಿ ಬಿಡಿಸಿದಾಗ ದೊರೆಯುವ ಭಾಗಗಳು ಬೇರೆ. ಈ ಪದದ ಮೂಲ ಲ್ಯಾಟಿನ್ ಭಾಷೆ. ಅದರಲ್ಲಿ 'ಸೆಸ್ಕ್ವಿ' ಎಂದರೆ ಒಂದೂವರೆ. ಅರ್ಧವನ್ನು ಸೂಚಿಸುವ 'ಸೆಮಿಸ್' ಎಂಬುದಕ್ಕೆ, 'ಊ' ಎಂಬ ಅರ್ಥವುಳ್ಳ 'ಕ್ವೆ' ಸೇರಿ ಅದು ಹುಟ್ಟಿತು. ಕನ್ನಡದ 'ಒಂದೂವರೆ'ಯಲ್ಲಿಯೂ 'ಊ' ಮತ್ತು 'ಅರೆ' ಎಂಬ ಅಂಶಗಳಿರುವುದು ಗಮನಾರ್ಹ. 'ಪೆಡ್' ಎಂದರೆ ಪಾದ. ಸಂಸ್ಕೃತದ 'ಪಾದ' ಇದರ ಸೋದರ ಶಬ್ದ. ಬೈಸಿಕಲ್ಲಿನ 'ಪೆಡಲ್' ಎಂಬ ಹೆಸರೂ ಇದೇ ಮೂಲದಿಂದ ಬಂದುದು. ಕನ್ನಡದ 'ಅಡಿ'ಯಂತೆ ಲ್ಯಾಟಿನ್ ಶಬ್ದವೂ ಪಾದವನ್ನೂ ಅಳತೆಯನ್ನೂ ಸೂಚಿಸುತ್ತದೆ. ಕೊನೆಯಲ್ಲಿರುವ 'ಆಲಿ', 'ಅನ್' ಎಂಬವು ಗುಣವಾಚಕವನ್ನು ರಚಿಸುವ ಪ್ರತ್ಯಯಗಳು. ಹೀಗೆ ಇಡೀ ಪದದ ಅರ್ಥ 'ಒಂದೂವರೆ ಅಡಿ ಉದ್ದದ' ಎಂದಾಗುತ್ತದೆ.

ಈ ಎರಡು ವಿಭಜನೆಗಳು ಒಂದಕ್ಕೊಂದು ಹೊಂದುವುದಿಲ್ಲ. 'ಪೆಡ್' ಎಂಬುದರ ಕೊನೆಯ ವ್ಯಂಜನವು ಉಚ್ಚಾರಣೆಯಲ್ಲಿ ಮುಂದಿನ ಸ್ವರದೊಡನೆ ಕೂಡಿ 'ಡೇ' ಆಗುತ್ತದೆ. ಕನ್ನಡದಲ್ಲಿಯೂ ಹೀಗೆಯೇ. 'ಊರಲ್ಲಿ' ಎಂಬುದನ್ನು ವ್ಯಾಕರಣವು 'ಊರು' ಮತ್ತು 'ಅಲ್ಲಿ' ಎಂದು ಬಿಡಿಸಿದರೆ, ನಾಲಗೆಯು ಊ-ರಲ್-ಲಿ ಎಂದು ಬಿಡಿಸುತ್ತದೆ. ಮೊದಲನೆಯ ವಿಭಜನೆಯು ಪದವನ್ನು ತಿಳಿಯಲು, ಎರಡನೆಯದು ನುಡಿಯಲು ನೆರವಾಗುತ್ತದೆ. 'ಸೆಸ್ಕ್ವಿ'ಯ ಅರ್ಥವನ್ನು ಬಲ್ಲವರಿಗೆ 'ಸೆಸ್ಕ್ವಿಸೆಂಟೆನಿಯಲ್' ಎಂಬ ಪದವು ಎದುರಾದಾಗ, ಅದು ಒಂದೂವರೆ ಶತಮಾನಕ್ಕೆ, ಎಂದರೆ 150 ವರ್ಷಗಳಿಗೆ, ಸಂಬಂಧಿಸಿದುದೆಂದು ಊಹಿಸುವುದು ಕಷ್ಟವಲ್ಲ.

ರೋಮನ್ನರು ಒಂದೂವರೆ ಅಡಿ ಅಳತೆಯ ಇಟ್ಟಿಗೆಗಳಿಗೆ ಈ ವಿಶೇಷಣವನ್ನು ಬಳಸುತ್ತಿದ್ದರು. ಕ್ರಿ.ಪೂ. 65ರಿಂದ 8ರವರೆಗೆ ಬಾಳಿದ ಹೊರೇಸ್ ಕವಿಯು ತನ್ನ 'ಕಾವ್ಯಕಲೆ' ಎಂಬ ಕೃತಿಯಲ್ಲಿ ಇದನ್ನು ಮಾತಿಗೆ ಅನ್ವಯಿಸಿದನು. ದುರಂತ ನಾಟಕಗಳ ನಾಯಕರಾದ ಟೆಲಿಫಸ್ ಮತ್ತು ಪೀಲಿಯಸ್ ಬಡತನಕ್ಕೂ ದೇಶಭ್ರಷ್ಟತೆಗೂ ಗುರಿಯಾದಾಗ, ನೋಡುವವರ ಹೃದಯವನ್ನು ಮುಟ್ಟಬೇಕಾದರೆ ಒಂದೂವರೆ ಅಡಿಯ ಪದಗಳನ್ನು ತೊರೆಯಬೇಕಾಗುತ್ತದೆಂಬುದು ಅವನ ಅಭಿಪ್ರಾಯ. 17ನೆಯ ಶತಮಾನದಲ್ಲಿ ಇಂಗ್ಲಿಷಿಗೆ ಬಂದ ಈ ವಿಶೇಷಣವು ಮಾರುದ್ದದ ಪದಗಳಿಗೂ ಅವುಗಳನ್ನು ಮೆಚ್ಚಿ ಬಳಸುವವರಿಗೂ ಸಲ್ಲುತ್ತದೆ. ದೀರ್ಘ ಪದಗಳನ್ನು ಬಿಡಿಸಿ ಅರಿಯುವುದು ವಿದ್ಯೆ. ಅವುಗಳನ್ನು ಎಲ್ಲಿ ಬಳಸಬಾರದೆಂದು ತಿಳಿಯುವುದು ವಿವೇಕ.