ಬಾಣಲೆಯಲ್ಲಿ ಉಳಿಯುವ ಹಸಿರು

ನಾವು ದಿನವೂ ಕುಡಿಯುವ ಕಪ್ಪು ಚಹಾ, ಚೀನಾದ ಹಸಿರು ಚಹಾ ಎರಡೂ ಕ್ಯಾಮೆಲಿಯಾ ಸೈನೆನ್ಸಿಸ್ ಎಂಬ ಒಂದೇ ಜಾತಿಯ ಗಿಡದ ಎಲೆಗಳು. ಹಾಗಿದ್ದರೆ ಬಣ್ಣ, ರುಚಿಗಳಲ್ಲಿ ಇಷ್ಟು ಅಂತರವೇಕೆ? ಇದಕ್ಕೆ ಉತ್ತರ ಕೊಡುವ ಒಳ್ಳೆಯ ಉದಾಹರಣೆ, ಚೀನಾದ ಹೆಸರಾಂತ ಲಾಂಗ್‌ಜಿಂಗ್ ಚಹಾ.

ಝೆಜಿಯಾಂಗ್ ಪ್ರಾಂತ್ಯದ ಹಾಂಗ್‌ಝೌ ನಗರದ ಅಂಚಿನಲ್ಲಿ 'ಪಶ್ಚಿಮ ಸರೋವರ'ವಿದೆ. ಅದರ ಸಮೀಪದ ಗುಡ್ಡಗಳೇ ಈ ಚಹಾದ ತವರು. ಲಾಂಗ್‌ಜಿಂಗ್ ಎಂದರೆ 'ಡ್ರ್ಯಾಗನ್ ಬಾವಿ'. ಅಲ್ಲಿನ ಹಳೆಯ ಬಾವಿಯೊಂದರಿಂದ ಈ ಹೆಸರು ಬಂತು.

ಹೆಚ್ಚಿಟ್ಟ ಬದನೆಕಾಯಿ ಕಂದಾಗುವುದನ್ನು ಎಲ್ಲರೂ ನೋಡಿದ್ದೇವೆ. ಕೋಶಗಳು ಒಡೆದಾಗ ಪಾಲಿಫಿನಾಲ್ ಆಕ್ಸಿಡೇಸ್ ಎಂಬ ಕಿಣ್ವ, ಗಾಳಿಯ ಆಮ್ಲಜನಕದ ನೆರವಿನಿಂದ ಈ ಕೆಲಸ ಮಾಡುತ್ತದೆ. ಚಹಾ ಎಲೆಯಲ್ಲೂ ಇದೇ ಕಿಣ್ವವಿದೆ. ಕಪ್ಪು ಚಹಾ ತಯಾರಿಸುವವರು ಎಲೆಯನ್ನು ಹಿಸುಕಿ, ಅದಕ್ಕೆ ಬೇಕಾದಷ್ಟು ಅವಕಾಶ ಕೊಡುತ್ತಾರೆ. ಲಾಂಗ್‌ಜಿಂಗ್‌ನವರು ಎಲೆಯನ್ನು ಕೆಲವು ಗಂಟೆ ಬಾಡಿಸಿ, ಕಾದ ಬಾಣಲೆಗೆ ಹಾಕುತ್ತಾರೆ. ಕಿಣ್ವವೂ ಒಂದು ಪ್ರೋಟೀನ್. ಬಿಸಿಗೆ ಅದರ ರಚನೆ ಕೆಟ್ಟು, ಕೆಲಸ ನಿಲ್ಲುತ್ತದೆ. ಎಲೆ ಹಸಿರಾಗಿಯೇ ಉಳಿಯುತ್ತದೆ.

ಹುರಿಯುವವನು ಬರಿಗೈಯಲ್ಲೇ ಎಲೆಗಳನ್ನು ಎತ್ತಿ, ಅಲುಗಿಸಿ, ಬಾಣಲೆಗೆ ಒತ್ತುತ್ತಾನೆ. ಹೀಗಾಗಿ ಎಲೆ ಚಪ್ಪಟೆಯಾಗುತ್ತದೆ. ಬಿಸಿ ಕಡಿಮೆಯಾದರೆ ಎಲೆ ಕೆಂಪಾಗುತ್ತದೆ, ಹೆಚ್ಚಾದರೆ ಸೀಯುತ್ತದೆ. ಅಂಗೈಯೇ ಇಲ್ಲಿ ಉಷ್ಣಮಾಪಕ.

ಏಪ್ರಿಲ್ 5ರ ಸುಮಾರಿಗೆ ಬರುವ ಚಿಂಗ್‌ಮಿಂಗ್ ಹಬ್ಬಕ್ಕೆ ಮೊದಲು ಕೊಯ್ದ ಎಳೆ ಕುಡಿಗಳಿಗೆ ಬೆಲೆ ಹೆಚ್ಚು. ವಸಂತದ ತಂಪಿನಲ್ಲಿ ಚಿಗುರುವ ಈ ಕುಡಿಗಳಲ್ಲಿ ಥಿಯಾನಿನ್ ಮುಂತಾದ ಅಮೈನೋ ಆಮ್ಲಗಳು ಹೇರಳ. ಅವು ಸವಿರುಚಿ ನೀಡುತ್ತವೆ. ಬಿಸಿಲೇರಿದಂತೆ ಕ್ಯಾಟೆಚಿನ್‌ಗಳು ಹೆಚ್ಚಿ ಒಗರು ಬರುತ್ತದೆ. ಕುದಿಯುವ ನೀರು ಈ ಒಗರನ್ನು ಬೇಗ ಹೊರಗೆಳೆಯುವುದರಿಂದ 80 ಡಿಗ್ರಿ ಸೆಲ್ಸಿಯಸ್ ಆಸುಪಾಸಿನ ನೀರು ಸಾಕು. ಹಾಲು, ಸಕ್ಕರೆ ಬೇಡ.

ಮಿಂಗ್ ಅರಸರ ಕಾಲದಲ್ಲಿ (1368–1644) ಎಲೆ ಹುರಿಯುವ ಪದ್ಧತಿ ಚೀನಾದಲ್ಲಿ ವ್ಯಾಪಕವಾಯಿತು. ಜರ್ಮನಿಯ ವಿಜ್ಞಾನಿ ವಿಲ್‌ಹೆಲ್ಮ್ ಕ್ಯೂನ 'ಎನ್‌ಜೈಮ್' ಎಂಬ ಪದವನ್ನು ಬಳಕೆಗೆ ತಂದದ್ದು 1870ರ ದಶಕದಲ್ಲಿ. ಹೆಸರು ಗೊತ್ತಿಲ್ಲದ ಕಿಣ್ವವನ್ನು ಆ ರೈತರು ನೋಡಿ, ಮೂಸಿ, ಮುಟ್ಟಿ ಹತೋಟಿಗೆ ತಂದಿದ್ದರು. ವಿಜ್ಞಾನದ ಮೊದಲ ಪಾಠವೂ ಇದೇ ಅಲ್ಲವೇ?

ಈಗ ಹುರಿಯುವ ಯಂತ್ರಗಳು ಬಂದಿವೆ. ಅವು ಕಡಿಮೆ ಹೊತ್ತಿನಲ್ಲಿ ಹೆಚ್ಚು ಎಲೆ ಹುರಿಯುತ್ತವೆ. ಕೈಯಿಂದ ಹುರಿದದ್ದು ದುಬಾರಿ. ಈ ಕುಶಲತೆ ಕೈಸೇರಲು ವರ್ಷಗಳೇ ಬೇಕು. ಕಲಿಯುವವರಿಲ್ಲದಿದ್ದರೆ ಅದು ಒಂದು ತಲೆಮಾರಿನಲ್ಲೇ ಕಳೆದುಹೋಗಬಹುದು. 2022ರಲ್ಲಿ ಯುನೆಸ್ಕೋ ಚೀನಾದ ಸಾಂಪ್ರದಾಯಿಕ ಚಹಾ ತಯಾರಿಕೆಯನ್ನು ಮಾನವಕುಲದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು. ಆದರೆ ಪಟ್ಟಿಯಲ್ಲಿದ್ದರಷ್ಟೇ ವಿದ್ಯೆ ಉಳಿಯದು. ಬಾಣಲೆಯ ಮುಂದೆ ಕೂರುವ ಎಳೆಯರೂ ಬೇಕು.