ಬಾವಲಿ ಕೂಗು ನೋಡಿ ಹೆಸರು ಹೇಳೋದು ಹೇಗೆ? ನನ್ನ ತಪ್ಪಿನಿಂದಲೇ ಶುರು ಮಾಡೋಣ

(ಎಪಿಸೋಡ್‌ನ ಬರಹ ರೂಪ)

ಇವತ್ತಿನ ಎಪಿಸೋಡ್ ಒಂದು ತಿದ್ದುಪಡಿಯಿಂದ ಶುರುವಾಗುತ್ತೆ. ಎರಡು ವಾರದ ಹಿಂದೆ, ಮೈಸೂರಿನ ನಮ್ಮ ಮನೆ ತಾರಸಿಯಲ್ಲಿ ರೆಕಾರ್ಡ್ ಮಾಡಿದ ಬಾವಲಿ ಕೂಗನ್ನು ನಿಮಗೆ ಕೇಳಿಸಿ, 'ಇದು ಕಾಮನ್ ಪಿಪಿಸ್ಟ್ರೆಲ್' ಅಂತ ಧೈರ್ಯವಾಗಿ ಹೇಳಿದ್ದೆ. ಆ್ಯಪ್ ಹಾಗೇ ತೋರಿಸಿತ್ತು. ಪಕ್ಕದಲ್ಲಿ ಶೇ 90ಕ್ಕಿಂತ ಜಾಸ್ತಿ ಖಚಿತ ಅಂತ ಹಸಿರು ಗುರುತು ಬೇರೆ.

ಆ ರಾತ್ರಿಯೇ, ಬಾವಲಿಗಳ ಮೇಲೆ ಸಂಶೋಧನೆ ಮಾಡೋ ನನ್ನ ಗೆಳೆಯನ ಅಕ್ಕ ವಾಯ್ಸ್ ನೋಟ್ ಕಳಿಸಿದ್ರು: "ಅದು ಯುರೋಪ್ ಕಡೆ ಬಾವಲಿ ಕಣೋ. ಮೈಸೂರಿಗೆ ಯಾವ ಬಸ್ಸಲ್ಲಿ ಬಂತು?"

ಮೊದಲು ನಗು ಬಂತು, ಆಮೇಲೆ ನಾಚಿಕೆ ಆಯ್ತು. ಅಷ್ಟರಲ್ಲಿ ಇಬ್ಬರು ಕೇಳುಗರು ಅದೇ ಹೆಸರು ಹಾಕಿ ತಮ್ಮೂರಿನ ರೆಕಾರ್ಡಿಂಗ್ ಕಳಿಸಿದ್ರು. ನನ್ನ ತಪ್ಪು ಆಗಲೇ ಊರೂರು ಸುತ್ತೋಕೆ ಹೊರಟಿತ್ತು. ಹಾಗಾಗಿ ಅಕ್ಕನ ಹತ್ರ ಕೂತು ಕಲಿತದ್ದನ್ನ ಇವತ್ತು ಹೇಳ್ತೀನಿ.

ಫೋನ್‌ಗೆ ಯಾಕೆ ಸಿಗಲ್ಲ?

ನಮ್ಮ ಕಿವಿಗೆ ಹೆಚ್ಚೆಂದರೆ 20 ಕಿಲೋಹರ್ಟ್ಸ್ ತನಕ ಕೇಳುತ್ತೆ. ಕೀಟ ತಿನ್ನೋ ಬಾವಲಿಗಳಲ್ಲಿ ಹೆಚ್ಚಿನವು ಅದಕ್ಕೂ ಮೇಲಿನ ಸ್ವರದಲ್ಲಿ ಕೂಗಿ, ವಾಪಸ್ ಬರೋ ಪ್ರತಿಧ್ವನಿಯಿಂದ ದಾರಿ ಮತ್ತು ಬೇಟೆ ಹುಡುಕುತ್ತವೆ. 1938ರಲ್ಲಿ ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದ ಡೊನಾಲ್ಡ್ ಗ್ರಿಫಿನ್ ಈ ಕೂಗನ್ನು ಮೊದಲ ಸಲ ಯಂತ್ರದಲ್ಲಿ ಹಿಡಿದರು. 'ಎಕೋಲೊಕೇಶನ್' ಅನ್ನೋ ಪದ ಕೊಟ್ಟವರೂ ಅವರೇ, 1944ರಲ್ಲಿ.

ಈ ಪಾಡ್‌ಕಾಸ್ಟನ್ನು ನಾನು 48 ಕಿಲೋಹರ್ಟ್ಸ್ ಸ್ಯಾಂಪಲ್ ರೇಟ್‌ನಲ್ಲಿ ರೆಕಾರ್ಡ್ ಮಾಡ್ತೀನಿ. ಅಂದ್ರೆ ಸೆಕೆಂಡಿಗೆ 48,000 ಸಲ ಶಬ್ದದ ಅಳತೆ. ಅದರಲ್ಲಿ ಅರ್ಧ, 24 ಕಿಲೋಹರ್ಟ್ಸ್ ತನಕದ ಸ್ವರ ಮಾತ್ರ ಉಳಿಯುತ್ತೆ. 100 ಕಿಲೋಹರ್ಟ್ಸ್ ಕೂಗು ಬೇಕಂದ್ರೆ ರೇಟ್ 200ಕ್ಕಿಂತ ಹೆಚ್ಚಿರಬೇಕು. ಆಡಿಯೋಮಾತ್ ಅನ್ನೋ ಪುಟ್ಟ ರೆಕಾರ್ಡರ್ 384ರ ತನಕ ಹೋಗುತ್ತೆ. ಆ ಫೈಲನ್ನು ಹತ್ತು ಪಟ್ಟು ನಿಧಾನ ಮಾಡಿದರೆ 45 ಕಿಲೋಹರ್ಟ್ಸ್ ಕೂಗು 4.5ಕ್ಕೆ ಇಳಿದು, ನಮಗೆ ಹಕ್ಕಿ ಚಿಲಿಪಿಲಿ ತರ ಕೇಳುತ್ತೆ. ಒಂದು ಮಾತು: ಆಲದ ಮರದಲ್ಲಿ ನೇತಾಡೋ ದೊಡ್ಡ ಹಣ್ಣು ತಿನ್ನೋ ಬಾವಲಿಗಳು ಈ ಆಟದಲ್ಲಿಲ್ಲ. ಅವು ಕಣ್ಣು, ಮೂಗು ನಂಬಿ ಬದುಕೋವು.

ಕಿವಿಗಿಂತ ಕಣ್ಣಿಗೆ ಕೆಲಸ

ಗುರುತು ಹಿಡಿಯೋದು ಕೇಳಿ ಅಲ್ಲ, ಹೆಚ್ಚಾಗಿ ನೋಡಿ. ಸ್ಪೆಕ್ಟ್ರೋಗ್ರಾಮ್ ಅಂದ್ರೆ ಶಬ್ದದ ಚಿತ್ರ: ಅಡ್ಡಕ್ಕೆ ಸಮಯ, ಉದ್ದಕ್ಕೆ ಸ್ವರದ ಎತ್ತರ. ಆಡಾಸಿಟಿಯಂಥ ಉಚಿತ ಸಾಫ್ಟ್‌ವೇರ್‌ನಲ್ಲೂ ತೆಗೆದು ನೋಡಬಹುದು.

ಮೂರು ಆಕಾರ ನೆನಪಿಡಿ. ಒಂದು, ಮೇಲಿಂದ ಕೆಳಕ್ಕೆ ಕಡಿದಾಗಿ ಜಾರೋ ಗೆರೆ. ಎರಡು, ಜಾರಿ ಬಂದು ಕೊನೆಗೆ ಸಪಾಟಾಗೋ ಗೆರೆ, ಹಾಕಿ ಸ್ಟಿಕ್ ತರ. ಪಿಪಿಸ್ಟ್ರೆಲ್ ಗುಂಪಿನ ಪುಟ್ಟ ಬಾವಲಿಗಳದ್ದು ಹೀಗೆ. ಮೂರು, ಒಂದೇ ಎತ್ತರದಲ್ಲಿ ಎಳೆದ ಉದ್ದ ಗೆರೆ. ಇದು ಲಾಳಮೂಗಿನ ಬಾವಲಿಗಳದ್ದು. ಆಕಾರ ಗೊತ್ತಾದ ಮೇಲೆ ಅಳತೆ: ಎಲ್ಲಿ ಶುರು, ಎಲ್ಲಿ ಕೊನೆ, ಯಾವ ಸ್ವರದಲ್ಲಿ ಜೋರು ಹೆಚ್ಚು, ಎಷ್ಟು ಮಿಲಿಸೆಕೆಂಡ್, ಮುಂದಿನ ಕೂಗಿಗೆ ಎಷ್ಟು ಅಂತರ.

ಈ ಅಳತೆ ಕೆಲವೊಮ್ಮೆ ಕಣ್ಣಿಗೆ ಕಾಣದ್ದನ್ನೂ ತೋರಿಸುತ್ತೆ. ಬ್ರಿಟನ್‌ನಲ್ಲಿ ಒಂದೇ ಜಾತಿ ಅಂದುಕೊಂಡಿದ್ದ ಪಿಪಿಸ್ಟ್ರೆಲ್‌ಗಳಲ್ಲಿ ಕೆಲವು ಸುಮಾರು 45ರಲ್ಲಿ, ಕೆಲವು ಸುಮಾರು 55 ಕಿಲೋಹರ್ಟ್ಸ್‌ನಲ್ಲಿ ಕೂಗುತ್ತಿದ್ದವು. 1990ರ ದಶಕದಲ್ಲಿ ಅವು ಎರಡು ಬೇರೆ ಜಾತಿ ಅಂತ ಖಚಿತವಾಯ್ತು. ದಕ್ಷಿಣ ಭಾರತದ ಒಂದು ಲಾಳಮೂಗಿನ ಬಾವಲಿಯಲ್ಲೂ ಹೀಗೇ ಸುಮಾರು 80 ಮತ್ತು 90ರ ಎರಡು ಗುಂಪು ಸಿಕ್ಕಿ, ಡಿಎನ್‌ಎ ನೋಡಿದಾಗ ಅವೂ ಬೇರೆ ಅಂತ ಗೊತ್ತಾಯ್ತು.

ಹಾಗಾದ್ರೆ ನಾನು ಎಡವಿದ್ದೆಲ್ಲಿ?

ಮೊದಲನೇದು, ಹಕ್ಕಿ ಹಾಡಿನ ತರ ಬಾವಲಿ ಕೂಗಿಗೆ ಒಂದೇ ಪಾಠ ಇಲ್ಲ. ಅದು ಹಾಡಲ್ಲ, ಟಾರ್ಚ್. ಬಯಲಲ್ಲಿ ಹಾರುವಾಗ ಕೂಗು ಉದ್ದ, ಸಪಾಟು. ಅದೇ ಬಾವಲಿ ಗೋಡೆ, ಮರದ ಹತ್ರ ಬಂದರೆ ಕೂಗು ಗಿಡ್ಡ, ಕಡಿದು. ಹುಳ ಹಿಡಿಯೋ ಕೊನೇ ಕ್ಷಣದಲ್ಲಂತೂ ಸೆಕೆಂಡಿಗೆ ನೂರಕ್ಕೂ ಹೆಚ್ಚು ಕೂಗು ಸೇರಿ ಝೇಂಕಾರವಾಗುತ್ತೆ. ನಮ್ಮ ತಾರಸಿ ಮೂರು ಕಡೆ ಗೋಡೆ, ಒಂದು ಕಡೆ ತೆಂಗಿನ ಮರ.

ಎರಡನೇದು, ಆ್ಯಪ್ ಕಲಿತಿದ್ದನ್ನಷ್ಟೇ ಹೇಳುತ್ತೆ. ನಾನು ಬಳಸಿದ್ದು ಯುರೋಪಿನ ಕೂಗುಗಳಲ್ಲಿ ಕಲಿತದ್ದು. ನಮ್ಮ ಬಾವಲಿ ಅದರ ಪಟ್ಟಿಯಲ್ಲೇ ಇಲ್ಲ. ಇರೋದರಲ್ಲಿ ಹತ್ತಿರದ ಹೆಸರು ಕೊಡ್ತು. ಸರಿಯಾದ ಪಟ್ಟಿ ಬೇಕಂದ್ರೆ ಅನುಮತಿ, ತರಬೇತಿ ಇರೋರು ಬಾವಲಿ ಹಿಡಿದು, ಜಾತಿ ಖಚಿತ ಮಾಡಿ, ಬಿಡುವಾಗ ಕೂಗು ದಾಖಲಿಸಬೇಕು. ತಮಿಳುನಾಡಿನ ವಾಲ್ಪಾರೈ ಸುತ್ತ ಸಂಶೋಧಕರು ಇಂಥ ಸಂಗ್ರಹ ಮಾಡಿದ್ದಾರೆ. ಆದರೆ ನಮ್ಮಲ್ಲಿ ಪಿಪಿಸ್ಟ್ರೆಲ್ ಗುಂಪಿನ ಒಂದಕ್ಕಿಂತ ಹೆಚ್ಚು ಜಾತಿಗಳಿವೆ, ಅವುಗಳ ಅಳತೆ ಒಂದರ ಮೇಲೊಂದು ಬೀಳುತ್ತೆ.

ಮೂರನೇದು, ಇದು ನನಗೆ ಹೊಸದು: ಸ್ವರ ಎತ್ತರ ಹೋದಷ್ಟೂ ಗಾಳಿ ಅದನ್ನ ಬೇಗ ನುಂಗುತ್ತೆ. 100 ಕಿಲೋಹರ್ಟ್ಸ್ ಕೂಗು ಕೆಲವೇ ಮೀಟರ್ ದಾಟಿದರೆ ಮೈಕ್‌ಗೆ ಸಿಗೋದು ಕಷ್ಟ. ರೆಕಾರ್ಡರ್ ಖಾಲಿ ಬಂತು ಅಂದ್ರೆ ಬಾವಲಿ ಇಲ್ಲ ಅಂತ ಅರ್ಥವಲ್ಲ.

ತಪ್ಪಾದ್ರೆ ಏನಾಗುತ್ತೆ? ಕೋಲಾರ ಎಲೆಮೂಗಿನ ಬಾವಲಿ ನೆನಪಿಸಿಕೊಳ್ಳಿ. 1994ರಲ್ಲಿ ಹೊಸ ಜಾತಿ ಅಂತ ವಿಜ್ಞಾನಕ್ಕೆ ಪರಿಚಯವಾದ ಇದಕ್ಕೆ ಈಗ ಉಳಿದಿರೋದು ಹನುಮನಹಳ್ಳಿಯ ಒಂದೇ ಗುಹೆ ಅಂತ ದಾಖಲೆ ಹೇಳುತ್ತೆ. ಗ್ರಾನೈಟ್ ಗಣಿಗಾರಿಕೆ ಇದರ ದೊಡ್ಡ ಅಪಾಯ. ಇಂಥ ಜೀವಿಯನ್ನ 'ಇಲ್ಲ' ಅಂತ ತಪ್ಪಾಗಿ ಬರೆದರೆ ಬಂಡೆ ಹೋಗುತ್ತೆ. 'ಇನ್ನೊಂದು ಕಡೆನೂ ಇದೆ' ಅಂತ ತಪ್ಪಾಗಿ ಬರೆದರೆ, ಈ ಗುಹೆ ಹೋದ್ರೂ ಪರವಾಗಿಲ್ಲ ಅನ್ನೋರು ಹುಟ್ಟಿಕೊಳ್ತಾರೆ.

ನಾನು ಓದಿದ್ದು ಬಿ.ಕಾಂ. ಲೆಕ್ಕದಲ್ಲಿ ಯಾವ ಖಾತೆಗೆ ಸೇರಬೇಕು ಅಂತ ಗೊತ್ತಾಗದ ಮೊತ್ತವನ್ನ ಅಂದಾಜಲ್ಲಿ ಎಲ್ಲೋ ತುರುಕಲ್ಲ. ಸಸ್ಪೆನ್ಸ್ ಅಕೌಂಟಿಗೆ ಹಾಕಿ, ದಾಖಲೆ ಸಿಕ್ಕ ಮೇಲೆ ವರ್ಗಾಯಿಸ್ತೀವಿ. ಅಕ್ಕ ಹೇಳಿಕೊಟ್ಟ ಪದ್ಧತಿಯೂ ಅದೇ. ಮೂಲ ಫೈಲ್ ಅಳಿಸಬೇಡಿ. ದಿನಾಂಕ, ಸಮಯ, ಜಾಗ, ಸುತ್ತ ಏನಿದೆ, ಯಾವ ರೆಕಾರ್ಡರ್ ಅಂತ ಬರೆದಿಡಿ. ಒಂದೇ ಕೂಗಲ್ಲ, ಇಡೀ ಸಾಲು ಅಳೆಯಿರಿ. ಜಾತಿ ಖಚಿತ ಇಲ್ಲದಿದ್ರೆ ಗುಂಪಿನ ಹೆಸರಿಗೇ ನಿಲ್ಲಿಸಿ. ಬಾವಲಿಯನ್ನ ಮುಟ್ಟಬೇಡಿ, ಗುಹೆಯೊಳಗೆ ನುಗ್ಗಬೇಡಿ.

ಆ ಇಬ್ಬರು ಕೇಳುಗರಿಗೆ ಮೆಸೇಜ್ ಮಾಡಿದ್ದೀನಿ. ಹಳೇ ಎಪಿಸೋಡ್‌ನ ವಿವರಣೆ ತಿದ್ದಿದ್ದೀನಿ. ನಮ್ಮ ತಾರಸಿ ಬಾವಲಿ ಈಗ ನನ್ನ ಶೀಟ್‌ನಲ್ಲಿ ಹೀಗಿದೆ: 'ಪಿಪಿಸ್ಟ್ರೆಲ್ ಗುಂಪು, ಜಾತಿ ಖಚಿತವಿಲ್ಲ.' ಅದು ಮಾತ್ರ ಇವತ್ತು ಸಂಜೆನೂ ತೆಂಗಿನ ಮರದ ಹತ್ರ ಒಂದು ಸುತ್ತು ಹಾಕಿ ಹೋಯ್ತು.

ಮುಂದಿನ ವಾರ ಸಿಗೋಣ.