ಮಗುವಿಗೆ ಮಡಿಲು ಸಾಲದು



ಕೊಳೆರೋಗ, ಧಾರಣೆಗಳ ಮಾತನ್ನು ತುಸು ಬದಿಗಿಟ್ಟು ಈ ಸಲ ಬೇರೊಂದು ವಿಷಯವನ್ನು ತಮ್ಮ ಮುಂದಿಡಬಯಸುತ್ತೇವೆ. ಕಾರವಾರ, ಅಂಕೋಲೆಯ ಎಷ್ಟೋ ಬೆಳೆಗಾರರ ಮಕ್ಕಳು ಇಂದು ಹೊರದೇಶಗಳಲ್ಲಿದ್ದಾರೆ. ರಜೆಯಲ್ಲಿ ಎಳೆಮಕ್ಕಳನ್ನು ಕರೆದುಕೊಂಡು ಗೋವೆಯಲ್ಲಿ ಬಂದಿಳಿಯುತ್ತಾರೆ. ಅಲ್ಲಿಂದ ಮನೆಗೆ ಕಾರಿನಲ್ಲಿ ಸುಮಾರು ಮೂರು ತಾಸಿನ ದಾರಿ.

ಕಳೆದ ಬೇಸಿಗೆಯಲ್ಲಿ ನಮ್ಮ ಮಗಳೂ ಹಾಗೆಯೇ ಅಮೆರಿಕದಿಂದ ಬಂದಳು. ಒಂದೂವರೆ ವರ್ಷದ ಮೊಮ್ಮಗನಿಗೆ ಪ್ರತ್ಯೇಕ ಟಿಕೆಟ್ ಕೊಂಡು, ಕಾರಿನಲ್ಲಿ ಬಳಸುವ ಮಕ್ಕಳ ಆಸನವನ್ನೇ ವಿಮಾನದ ಸೀಟಿಗೆ ಬಿಗಿದು, ಅದರಲ್ಲಿ ಅವನನ್ನು ಕೂರಿಸಿ ಕರೆತಂದಿದ್ದಳು. ನಮ್ಮ ಕಾರಿಗೂ ಅದನ್ನು ಕಟ್ಟಲು ಹೊರಟಾಗ ತಡೆದವರು ನಾವೇ. "ಊರಿಗೆ ಬಂದಾಯಿತಲ್ಲ, ಇನ್ನಾದರೂ ಅಜ್ಜನ ಮಡಿಲಲ್ಲಿ ಕೂರಲಿ" ಎಂದೆವು. "ಬೇಡ ಅಪ್ಪಯ್ಯ" ಎಂದಳು, ನಾವು ಕೇಳಲಿಲ್ಲ. ಆಸನ ಡಿಕ್ಕಿಗೆ ಹೋಯಿತು.

ಕಾಳಿ ಸೇತುವೆ, ಬಿಣಗಾ, ಅರಗಾ ದಾಟಿ ಅವರ್ಸಾ ಸಮೀಪಿಸುವಾಗ ಮುಸ್ಸಂಜೆ. ಹೆದ್ದಾರಿಯಲ್ಲಿ ಮಲಗಿದ್ದ ದನ ಕಂಡು ಡ್ರೈವರ್ ಬ್ರೇಕ್ ಒತ್ತಿದ. ಎರಡೂ ಕೈಗಳಿಂದ ತಬ್ಬಿಕೊಂಡಿದ್ದ ಮಗು ಜಾರಿ ಮುಂದಿನ ಸೀಟಿನ ಬೆನ್ನಿಗೆ ಬಡಿಯಿತು. ತುಟಿ ಒಡೆದು ರಕ್ತ ಬಂತು. ಅಷ್ಟಕ್ಕೇ ಮುಗಿದದ್ದು ದೇವರ ದಯೆ. ಮಗಳು ಏನೂ ಅನ್ನಲಿಲ್ಲ. ಇಳಿದು ಡಿಕ್ಕಿ ತೆರೆದು ಆಸನವನ್ನು ಹೊರತೆಗೆದಳು.

ನಮ್ಮ ತಪ್ಪು ತಮ್ಮಿಂದ ಆಗದಿರಲೆಂದು ಒಂದು ಲೆಕ್ಕ ಹೇಳುತ್ತೇವೆ. 50 ಕಿ.ಮೀ. ವೇಗದ ಕಾರು ಏನಕ್ಕಾದರೂ ಬಡಿದು ಅರ್ಧ ಮೀಟರಿನೊಳಗೆ ನಿಂತಿತೆನ್ನಿ. ಆಗ 10 ಕಿಲೋ ತೂಕದ ಮಗು ಮುಂದಕ್ಕೆ ಎಳೆಯುವ ಬಲ ಸುಮಾರು ಎರಡು ಕ್ವಿಂಟಲ್ ತೂಕಕ್ಕೆ ಸಮ. ಎರಡು ಕ್ವಿಂಟಲ್ ಅಡಿಕೆಯನ್ನು ತೋಳಿನಲ್ಲಿ ಹಿಡಿದು ನಿಲ್ಲಬಲ್ಲವರು ನಮ್ಮಲ್ಲಿ ಯಾರಿದ್ದಾರೆ? ಪ್ರೀತಿ ಎಷ್ಟಿದ್ದರೂ ತೋಳಿಗೆ ಆ ಬಲ ಬಾರದು.

ವಿಮಾನದಲ್ಲಿಯೂ ಇದೇ ನ್ಯಾಯ. 1989ರ ಜುಲೈ 19ರಂದು ಅಮೆರಿಕದ ಸೂ ಸಿಟಿಯಲ್ಲಿ ಯುನೈಟೆಡ್ ಸಂಸ್ಥೆಯ ವಿಮಾನ ಅಪಘಾತಕ್ಕೀಡಾಯಿತು. ಮಡಿಲಲ್ಲಿದ್ದ ನಾಲ್ಕು ಮಕ್ಕಳನ್ನು ಅಂದಿನ ಪದ್ಧತಿಯಂತೆ ನೆಲದ ಮೇಲೆ ಇರಿಸಿ ಹಿಡಿದುಕೊಳ್ಳುವಂತೆ ಪೋಷಕರಿಗೆ ಹೇಳಲಾಗಿತ್ತು. ಒಂದು ಮಗು ತೀರಿಕೊಂಡಿತು. ಹಾಗೆ ಹೇಳಬೇಕಾಗಿ ಬಂದ ಗಗನಸಖಿ ಜಾನ್ ಬ್ರೌನ್, ಮಕ್ಕಳಿಗೆ ಪ್ರತ್ಯೇಕ ಆಸನ ಕಡ್ಡಾಯವಾಗಬೇಕೆಂದು ಮುಂದೆ ವರ್ಷಗಟ್ಟಲೆ ಹೋರಾಡಿದರು. ಆದರೆ ಅಲ್ಲಿಯ ವಿಮಾನಯಾನ ಆಡಳಿತ ಒಪ್ಪಲಿಲ್ಲ. ಟಿಕೆಟಿನ ಖರ್ಚಿಗೆ ಹೆದರಿ ಜನ ರಸ್ತೆ ಹಿಡಿದರೆ ಹೆಚ್ಚು ಮಕ್ಕಳು ಸತ್ತಾರು ಎಂಬುದು ಅದರ ವಾದ. ವಾದ ಸರಿಯೋ ತಪ್ಪೋ, ಅದರಲ್ಲಿ ನಮಗೊಂದು ಪಾಠವಿದೆ: ಆಕಾಶಕ್ಕಿಂತ ರಸ್ತೆಯೇ ಅಪಾಯ. ನಾವಾದರೋ ಆಕಾಶದಲ್ಲಿ ಕಟ್ಟಿ ತಂದ ಮಗುವನ್ನು ರಸ್ತೆಗೆ ಬಂದೊಡನೆ ಬಿಚ್ಚುತ್ತೇವೆ.

ಪ್ರಯಾಣ ಹೊರಡುವವರು ಗಮನಿಸಬೇಕಾದ ಸಂಗತಿಗಳಿವು. ಎರಡು ವರ್ಷ ತುಂಬದ ಮಗುವನ್ನು ವಿಮಾನದಲ್ಲಿ ಮಡಿಲಲ್ಲಿಟ್ಟುಕೊಳ್ಳಲು ಅನುಮತಿಯಿದೆಯಾದರೂ, ಅನುಕೂಲವಿದ್ದವರು ಪ್ರತ್ಯೇಕ ಸೀಟು ಕೊಳ್ಳುವುದೇ ಲೇಸು. ಆಸನದ ಮೇಲೆ ವಿಮಾನಕ್ಕೂ ಯೋಗ್ಯವೆಂಬ ಚೀಟಿ ಇದೆಯೇ ನೋಡಿ, ವಿಮಾನ ಸಂಸ್ಥೆಗೆ ಮುಂಚಿತವಾಗಿ ತಿಳಿಸಬೇಕು. ಸಾಮಾನ್ಯವಾಗಿ ಅದಕ್ಕೆ ಕಿಟಕಿ ಪಕ್ಕದ ಸೀಟು ಕೊಡುತ್ತಾರೆ. 10ರಿಂದ 20 ಕಿಲೋ ತೂಕದ ಮಕ್ಕಳಿಗೆ 'ಕೇರ್ಸ್' ಎಂಬ ಹಗುರಾದ ಪಟ್ಟಿಯೂ ಇದೆ. ಅದು ವಿಮಾನಕ್ಕೆ ಮಾತ್ರ, ಕಾರಿಗಲ್ಲ. ಮಡಿಲೇ ಗತಿಯಾದರೆ ಹಲವು ಸಂಸ್ಥೆಗಳು ಕೊಡುವ ಶಿಶುವಿನ ಬೆಲ್ಟನ್ನು ಕೇಳಿ ಪಡೆಯಿರಿ. ಒಂದೇ ಬೆಲ್ಟಿನೊಳಗೆ ಇಬ್ಬರನ್ನೂ ಸೇರಿಸಿ ಕಟ್ಟಿದರೆ ದೊಡ್ಡವರ ಭಾರಕ್ಕೆ ಮಗು ನಜ್ಜಾದೀತು. ಬೆಲ್ಟಿನ ದೀಪ ಹೊತ್ತಿದೊಡನೆ ಮಗುವನ್ನು ವಿಮಾನದ ತೊಟ್ಟಿಲಿನಿಂದ ಎತ್ತಿಕೊಳ್ಳಬೇಕು.

ಕಾರಿನಲ್ಲಿ ಮಗುವಿನ ಆಸನಕ್ಕೆ ಹಿಂದಿನ ಸೀಟೇ ಜಾಗ. ಎಳೆಯ ಮಗುವಿನ ಮುಖ ಹಿಂದಕ್ಕಿದ್ದರೆ ಕುತ್ತಿಗೆಗೆ ರಕ್ಷೆ. ಏರ್‌ಬ್ಯಾಗ್ ಇರುವ ಮುಂದಿನ ಸೀಟಿನಲ್ಲಿ ಮಾತ್ರ ಹಾಗೆ ಕೂರಿಸಲೇಬಾರದು. ಟೆನೆಸಿ ರಾಜ್ಯದಲ್ಲಿ 1978ರಲ್ಲೇ ಇದಕ್ಕೆ ಕಾನೂನು ಬಂತು. ನಮ್ಮಲ್ಲಿ 2019ರ ತಿದ್ದುಪಡಿಯಂತೆ 14 ವರ್ಷದೊಳಗಿನ ಮಕ್ಕಳಿಗೆ ಬೆಲ್ಟ್ ಅಥವಾ ಆಸನ ಇಲ್ಲದಿದ್ದರೆ 1000 ರೂಪಾಯಿ ದಂಡ. ಬೈಕಿನಲ್ಲಿ ನಾಲ್ಕು ವರ್ಷದೊಳಗಿನ ಮಗುವಿಗೆ ಸುರಕ್ಷಾ ಪಟ್ಟಿ, ಹೆಲ್ಮೆಟ್ ಇರಬೇಕು, ವೇಗ 40 ಕಿ.ಮೀ. ಮೀರಬಾರದು ಎಂಬ ನಿಯಮ 2023ರ ಫೆಬ್ರವರಿ 15ರಿಂದ ಜಾರಿಯಲ್ಲಿದೆ.

ಕೊನೆ ಕೊಯ್ಯಲು ಮರ ಹತ್ತುವವರಿಗೆ ಹಗ್ಗ ಕಟ್ಟಿಕೊಳ್ಳಿ ಎಂದು ಪ್ರತಿ ಕೊಯ್ಲಿಗೂ ಹೇಳುವವರು ನಾವು. ಮೊಮ್ಮಕ್ಕಳ ವಿಷಯದಲ್ಲಿ ಅದೇ ಮಾತನ್ನು ಮರೆಯಬಾರದು.

ಮಗಳು ಹಿಂತಿರುಗುವಾಗ ನಾವು ಕಾರಿಗೆಂದು ಇಲ್ಲಿಯೇ ಕೊಂಡ ಇನ್ನೊಂದು ಆಸನ ಈಗ ಸಂಘದ ಕಚೇರಿಯಲ್ಲಿದೆ. ಗೋವೆಗೆ ಹೋಗಿ ಮಕ್ಕಳನ್ನು ಕರೆತರುವ ಸದಸ್ಯರು ರುಜು ಮಾಡಿ ಒಯ್ಯಬಹುದು, ಬಾಡಿಗೆಯಿಲ್ಲ. ಷರತ್ತು ಒಂದೇ: ಅಪಘಾತವೇನಾದರೂ ಆದರೆ ಮುಚ್ಚಿಡದೆ ತಿಳಿಸಬೇಕು. ಒಮ್ಮೆ ಪೆಟ್ಟು ತಿಂದ ಆಸನವನ್ನು ಇನ್ನೊಂದು ಮಗುವಿಗೆ ಕೊಡಲಾಗದು.